ತಲಪಾಡಿಯಿಂದ ವಲಿಯಪರಂಬದವರೆಗೆ: ನಮ್ಮ ಕಡಲಲ್ಲಿ ಎಲ್ಲಿ ಇಳಿಯುವುದು, ಎಲ್ಲಿ ಸುಮ್ನೆ ನೋಡುವುದು?

ಕುಂಬಳೆ ಕಡಲು

ಡಿಸೆಂಬರ್ ರಜೆ ಹತ್ತಿರ ಬಂತು. ಪುತ್ತೂರು, ಸುಳ್ಯ, ಮಡಿಕೇರಿ ಕಡೆಯಿಂದ "ಕಾಸರಗೋಡಿಗೆ ಬರ್ತೇವೆ, ಈಜಲು ಒಳ್ಳೆಯ ಬೀಚ್ ಯಾವುದು?" ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ. ಗೊತ್ತಿದ್ದವರು ಸೇರಿಸಿ.

ಮೊದಲು ಮುಖ್ಯ ಮಾತು. ನಮ್ಮ ಜಿಲ್ಲೆಯ ಕಡಲು ನೋಡಲಿಕ್ಕೆ, ನಡೆಯಲಿಕ್ಕೆ, ಕೂತು ಗಾಳಿ ತಿನ್ನಲಿಕ್ಕೆ. ನೀರಾಟಕ್ಕೆ ನಮ್ಮಲ್ಲಿರುವುದು ಹಿನ್ನೀರು. ಇದನ್ನು ತಲೆಯಲ್ಲಿಟ್ಟುಕೊಂಡು ಬಂದರೆ ಎರಡು ದಿನ ಎಷ್ಟು ಚಂದ ಕಳೆಯಬಹುದು ಗೊತ್ತಾ! ಇದನ್ನು ಬಿಟ್ಟು ಅಲೆ ಕಂಡಲ್ಲೆಲ್ಲ ಇಳಿಯುತ್ತೇವೆ ಅಂದರೆ ನನಗೆ ನಿಜಕ್ಕೂ ಭಯ ಆಗುತ್ತದೆ.

ಕೇರಳದ ಉತ್ತರ ತುದಿಯ ಈ ಕರಾವಳಿ ದಕ್ಷಿಣದ ಹಾಗಿಲ್ಲ. ಇಲ್ಲಿ ಮುರಕಲ್ಲಿನ ಗುಡ್ಡಗಳು ಅಲ್ಲಲ್ಲಿ ಕಡಲವರೆಗೂ ಬಂದು ನಿಂತಿವೆ. ಅವುಗಳ ನಡುವೆ ಉದ್ದುದ್ದ ಮರಳು. ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳು. ಮಂಜೇಶ್ವರ ಹೊಳೆ ಬರೀ 16 ಕಿಲೋಮೀಟರ್, ಇಡೀ ಕೇರಳದಲ್ಲೇ ಸಣ್ಣದು. ಚಂದ್ರಗಿರಿ, ಅಂದರೆ ನಮ್ಮ ಪಯಸ್ವಿನಿ, ಕೊಡಗಿನಿಂದ ಇಳಿದು 105 ಕಿಲೋಮೀಟರ್ ಹರಿದು ಬರುತ್ತದೆ. ಇಷ್ಟು ಹೊಳೆಗಳು ಕಡಲು ಸೇರುವ ಕಡೆಗಳಲ್ಲೆಲ್ಲ ಅಳಿವೆ. ಅಳಿವೆ ಇದ್ದಲ್ಲಿ ಸೆಳೆತ ಇದ್ದೇ ಇದೆ.

ಬಡಗಿನಿಂದ ಶುರು ಮಾಡುವ. ತಲಪಾಡಿ ಗಡಿ ದಾಟಿದ ಮೇಲೆ ಮಂಜೇಶ್ವರದ ಕಣ್ವತೀರ್ಥ. ಇಲ್ಲಿ ಕಡಲಿನ ನೀರು ಒಳಗೆ ಬಂದು ದೊಡ್ಡ ಕೊಳದ ಹಾಗೆ ನಿಲ್ಲುತ್ತದೆ. ಪಕ್ಕದಲ್ಲಿ ಚಪ್ಪಟೆ ಮರಳು ಸುಮಾರು ನಾಲ್ಕು ಕಿಲೋಮೀಟರ್. ಸಂಜೆ ನಡೆಯಲು ನನಗೆ ಇಡೀ ಜಿಲ್ಲೆಯಲ್ಲಿ ಇದೇ ಇಷ್ಟ. ಜನ ಕಡಿಮೆ, ಅಂಗಡಿ ಕಡಿಮೆ. ಬರುವ ದಾರಿಯಲ್ಲಿ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ, ಗಿಳಿವಿಂಡು, ನೋಡಿಯೇ ಬನ್ನಿ.

ಕುಂಬಳೆಯಲ್ಲಿ ಕೊಯಿಪ್ಪಾಡಿ ಕಡಪ್ಪುರ (ಕಡಪ್ಪುರ ಅಂದರೆ ಕಡಲ ದಡ), ಶಿರಿಯ ಅಳಿವೆ. ನೋಟ ಬಹಳ ಚಂದ. ನೀರಿಗೆ ಮಾತ್ರ ಬೇಡ. ಕಾಸರಗೋಡು ಪೇಟೆಯ ಹತ್ತಿರದ ಕಡಪ್ಪುರಗಳು ಮೀನುಗಾರರ ಕೆಲಸದ ಜಾಗ. ದೋಣಿ ಎಳೆಯುವಾಗ ನಡುವೆ ನಿಂತು ಫೋಟೋ ತೆಗೆಯಬೇಡಿ.

ಚಂದ್ರಗಿರಿ ದಾಟಿ ತೆಂಕಿಗೆ ಹೋದರೆ ಉದುಮದ ಹತ್ತಿರ ಕಾಪ್ಪಿಲ್. ಪಕ್ಕದಲ್ಲೇ ಕೋಡಿ ಎಂಬ ಎತ್ತರದ ಜಾಗ, ಮೇಲೆ ಹತ್ತಿದರೆ ಕಡಲು ಅರ್ಧ ಆಕಾಶ ತುಂಬುತ್ತದೆ. ಆಮೇಲೆ ಬೇಕಲ, ಪಳ್ಳಿಕ್ಕೆರೆ. ಕಾಸರಗೋಡಿನಿಂದ 16 ಕಿಲೋಮೀಟರ್. ಅಲ್ಲಿಂದ ಕಾಞಂಗಾಡು, ನೀಲೇಶ್ವರ ದಾಟಿದ ಮೇಲೆ ಭೂಮಿಯ ಸ್ವರೂಪವೇ ಬದಲಾಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಸಪೂರ ಮರಳಿನ ಪಟ್ಟಿ. ಅದೇ ವಲಿಯಪರಂಬ. ಸುಮಾರು 24 ಕಿಲೋಮೀಟರ್ ಉದ್ದ. ನೀರಲ್ಲಿ ಆಡಬೇಕು ಅನ್ನುವವರು ಸೀದಾ ಅಲ್ಲಿಗೆ ಹೋಗಿ.

ಪುತ್ತೂರು ಪಯಣ

ಅಣ್ಣ, ಬಹಳ ಉಪಕಾರ. ನಾವು ಆರು ಜನ ಬರುವವರು. ಅಪ್ಪ ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು. ಅಮ್ಮನಿಗೆ ಮೊಣಕಾಲು ನೋವು, ಮರಳಲ್ಲಿ ಜಾಸ್ತಿ ನಡೆಯಲು ಆಗುವುದಿಲ್ಲ. ಸಣ್ಣವನಿಗೆ ಐದು ವರ್ಷ, ನೀರು ಕಂಡರೆ ನಿಲ್ಲುವುದಿಲ್ಲ. ಎಲ್ಲಿಗೆ ಮೊದಲು ಹೋಗಲಿ?

ಕುಂಬಳೆ ಕಡಲು

ಅಮ್ಮನಿಗೆ ಬೇಕಲವೇ ಸರಿ. ಕೋಟೆಯೊಳಗೆ ನಡೆಯಲು ಒಳ್ಳೆಯ ದಾರಿ ಉಂಟು, ಅಲ್ಲಲ್ಲಿ ಕೂರಬಹುದು. ಬುರುಜು ಹತ್ತಲೇಬೇಕೆಂದಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ. ಹನ್ನೊಂದರ ನಂತರ ಅಲ್ಲಿ ನೆರಳಿಲ್ಲ, ಕಲ್ಲು ಕಾಯುತ್ತದೆ. ಸಂಜೆ ಪಳ್ಳಿಕ್ಕೆರೆಯ ಬೀಚ್ ಪಾರ್ಕಿನಲ್ಲಿ ಮಕ್ಕಳಿಗೆ ಆಡಲು ಜಾಗ ಉಂಟು.

ಕಾರು ಬೇಡ ಅಂದರೆ ಮಂಗಳೂರಿನಿಂದ ತೆಂಕಿಗೆ ಹೋಗುವ ಪ್ಯಾಸೆಂಜರ್ ರೈಲು ಹಿಡಿಯಿರಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಳನಾಡು, ಕೋಟಿಕುಳಂ, ಬೇಕಲ ಫೋರ್ಟ್, ಕಾಞಂಗಾಡು, ನೀಲೇಶ್ವರ, ಚೆರುವತ್ತೂರು. ಕಡಲ ಬದಿಯ ಊರುಗಳನ್ನು ಇಷ್ಟು ಹತ್ತಿರದಿಂದ ಮುಟ್ಟಿಸುವ ರೈಲು ಬೇರೆ ಕಡೆ ಸಿಗುವುದು ಅಪರೂಪ. ಪಶ್ಚಿಮದ ಕಿಟಕಿಯಲ್ಲಿ ಮಕ್ಕಳನ್ನು ಕೂರಿಸಿ. ಆದರೆ ಕೋಟಿಕುಳಂ, ಬೇಕಲ ಫೋರ್ಟಿನಲ್ಲಿ ಎಲ್ಲ ರೈಲು ನಿಲ್ಲುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಬೆಂಗಳೂರು ಬೈಕ್

ನಮಸ್ಕಾರ ಎಲ್ಲರಿಗೂ. ನಾವು ನಾಲ್ಕು ಜನ ಗೆಳೆಯರು ಬೈಕಲ್ಲಿ ಬರ್ತಾ ಇದ್ದೇವೆ. ಓದಿ ಸ್ವಲ್ಪ ಬೇಜಾರಾಯ್ತು. ಗೋಕರ್ಣ, ಮುರುಡೇಶ್ವರದಲ್ಲೆಲ್ಲ ಈಜಿದವರು ನಾವು. ನಾಲ್ವರಿಗೂ ಚೆನ್ನಾಗಿ ಈಜು ಬರುತ್ತದೆ. ಇಲ್ಲಿಯ ಕಡಲೂ ಅದೇ ಅರಬ್ಬಿ ಸಮುದ್ರ ತಾನೇ? ಖಾಲಿ ಬೀಚ್ ಸಿಕ್ಕರೆ ಇಳಿಯದೇ ಬರುವುದು ಹೇಗೆ? ಸರ್ಫಿಂಗ್ ಏನಾದರೂ ಉಂಟಾ?

ಮೊಗ್ರಾಲ್ ದೋಣಿಮನೆ

ತಮ್ಮ, ನಿಮ್ಮ ಪ್ರಶ್ನೆ ಸರಿಯಾಗಿಯೇ ಉಂಟು. ಅದಕ್ಕೇ ಉದ್ದಕ್ಕೆ ಉತ್ತರ ಬರೀತೇನೆ, ದಯವಿಟ್ಟು ಪೂರ್ತಿ ಓದಿ. ನಮ್ಮದು ಮೂರು ತಲೆಮಾರಿನಿಂದ ಕಡಲಿಗೆ ಹೋಗುವ ಮನೆ.

ಕಡಲು ಅದೇ. ದಡ ಬೇರೆ. ಗೋಕರ್ಣದ ಕೆಲವು ಬೀಚುಗಳು ಗುಡ್ಡಗಳ ನಡುವೆ ಒಳಕ್ಕೆ ಬಾಗಿವೆ, ಅಲೆಯ ಹೊಡೆತ ಸ್ವಲ್ಪ ತಗ್ಗುತ್ತದೆ. ಅಲ್ಲಿಯೂ ಜನ ಸತ್ತಿದ್ದಾರೆ, ಅದು ಬೇರೆ ಮಾತು. ನಮ್ಮದು ನೇರ ದಡ. ದೂರದಿಂದ ಬಂದ ಅಲೆ ಯಾರ ಹಂಗೂ ಇಲ್ಲದೆ ಬಂದು ಬಡಿಯುತ್ತದೆ.

ಮಳೆಗಾಲದಲ್ಲಿ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಹೊರಗೆ ದಿಬ್ಬ ಮಾಡಿ ಇಡುತ್ತವೆ. ಅಕ್ಟೋಬರ್ ನಂತರ ಆ ಮರಳು ನಿಧಾನಕ್ಕೆ ವಾಪಸು ಬರುತ್ತದೆ. ಫೆಬ್ರವರಿ, ಮಾರ್ಚಿಗೆ ದಡ ಅಗಲವಾಗುತ್ತದೆ. ಅಲ್ಲಿಯವರೆಗೆ ಎಷ್ಟೋ ಕಡೆ ದಡ ಕಡಿದಾಗಿರುತ್ತದೆ. ಮೊಣಕಾಲು ನೀರಿನಿಂದ ಎರಡು ಹೆಜ್ಜೆ ಮುಂದಿಟ್ಟರೆ ಎದೆ ಮಟ್ಟ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳೇ ಜಾರುತ್ತದೆ. ಈಜು ಗೊತ್ತಿರುವುದು ಆ ಎರಡು ಹೆಜ್ಜೆಯಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಇನ್ನು ಸೆಳೆತ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ಎಲ್ಲಿಂದಾದರೂ ಹೊರಗೆ ಹೋಗಲೇಬೇಕು. ಗದ್ದೆಯ ಬದುವಿಗೆ ತೂತು ಬಿದ್ದರೆ ನೀರೆಲ್ಲ ಅಲ್ಲಿಂದಲೇ ನುಗ್ಗುವುದಿಲ್ಲವಾ, ಹಾಗೆ ಮರಳು ದಿಬ್ಬ ತಗ್ಗಿದ ಕಡೆಯಿಂದ ನೀರು ಹೊರಗೆ ಓಡುತ್ತದೆ. ಅದನ್ನು ದಡದಿಂದ ಗುರುತಿಸಬಹುದು. ಎರಡೂ ಬದಿಯಲ್ಲಿ ಅಲೆ ಒಡೆದು ಬಿಳಿ ನೊರೆ ಇರುತ್ತದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯುವುದಿಲ್ಲ. ನೀರು ಸ್ವಲ್ಪ ಕಪ್ಪಗೆ, ಸಮಾಧಾನವಾಗಿ ಕಾಣುತ್ತದೆ. ನೊರೆ, ಕಸ ಅಲ್ಲಿ ಹೊರಮುಖವಾಗಿ ತೇಲಿ ಹೋಗುತ್ತಿರುತ್ತದೆ. ಹೊರಗಿನಿಂದ ಬಂದವರು "ಇಲ್ಲಿ ಅಲೆ ಇಲ್ಲ" ಎಂದು ಮಕ್ಕಳನ್ನು ಸರಿಯಾಗಿ ಅಲ್ಲೇ ಇಳಿಸುತ್ತಾರೆ. ಅದನ್ನು ನೋಡಿದರೆ ನಮ್ಮ ಮನೆಯ ಹೆಂಗಸರು ಕೆಲಸ ಬಿಟ್ಟು ಓಡಿ ಹೋಗಿ ಕೂಗುತ್ತಾರೆ.

ಸಿಕ್ಕಿಬಿದ್ದರೆ ದಡದ ಕಡೆಗೆ ಈಜಬೇಡಿ. ಸೆಳೆತಕ್ಕೆ ಎದುರಾಗಿ ಈಜಿ ಗೆದ್ದವರಿಲ್ಲ. ಗಟ್ಟಿ ಈಜುಗಾರರೇ ಸುಸ್ತಾಗಿ ಮುಳುಗುವುದು. ತೇಲಿಕೊಂಡಿರಿ, ಕೈ ಎತ್ತಿ ಕರೆಯಿರಿ. ಸೆಳೆತದ ಅಗಲ ಸಾಮಾನ್ಯವಾಗಿ ಕಡಿಮೆ. ದಡಕ್ಕೆ ಸಮನಾಗಿ, ಅಂದರೆ ಬಡಗಿಗೋ ತೆಂಕಿಗೋ, ಸ್ವಲ್ಪ ದೂರ ಈಜಿ. ನೊರೆ ಇರುವ ಕಡೆ ತಲುಪಿದ ಮೇಲೆ ಅಲೆಯೇ ನಿಮ್ಮನ್ನು ದಡಕ್ಕೆ ತರುತ್ತದೆ.

ಅಳಿವೆಯಲ್ಲಿ ಈ ಉಪಾಯವೂ ಸಾಲುವುದಿಲ್ಲ. ಇಳಿತದ ಹೊತ್ತಿಗೆ ಹೊಳೆಯ ನೀರು, ಕಡಲಿನ ನೀರು ಒಟ್ಟಿಗೆ ಹೊರಗೆ ಹೋಗುತ್ತದೆ. ಭರತ, ಇಳಿತ ದಿನಕ್ಕೆ ಎರಡೆರಡು ಸಲ, ಮರುದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು. ಮೊಗ್ರಾಲ್, ಶಿರಿಯ, ಉಪ್ಪಳದ ಅಳಿವೆಗಳ ಮರಳಿನ ನಾಲಗೆ ವರ್ಷ ವರ್ಷ ಜಾಗ ಬದಲಿಸುತ್ತದೆ. ಹೋದ ವರ್ಷ ನಡೆದ ಜಾಗದಲ್ಲಿ ಈ ವರ್ಷ ಆಳ ಇರಬಹುದು. ನಾವೇ ದೋಣಿ ಹೊರಡಿಸುವ ಮೊದಲು ನಿಂತು ನೋಡುತ್ತೇವೆ.

ಇನ್ನೊಂದು ಕಳ್ಳಕಡಲು. ಬಿಸಿಲು ಚೆನ್ನಾಗಿರುತ್ತದೆ, ಗಾಳಿ ಇಲ್ಲ, ಮಳೆ ಇಲ್ಲ. ಆದರೂ ಕಡಲು ಏಕಾಏಕಿ ಮೇಲೆ ಬರುತ್ತದೆ. ಹಿಂದೂ ಮಹಾಸಾಗರದ ದೂರದ ದಕ್ಷಿಣದಲ್ಲಿ ಬಿರುಗಾಳಿ ಎದ್ದರೆ ಅದರ ಉದ್ದುದ್ದ ಅಲೆಗಳು ಕೆಲವು ದಿನಗಳಲ್ಲಿ ಇಲ್ಲಿಗೆ ತಲುಪುತ್ತವೆ. ಮಳೆಗಾಲಕ್ಕೆ ಮೊದಲು, ಏಪ್ರಿಲ್, ಮೇಯಲ್ಲಿ ಜಾಸ್ತಿ. 2024ರ ಮಾರ್ಚ್ 31ರಂದು ಕೇರಳದ ಎಷ್ಟೋ ಕಡೆ ಹೀಗೆ ನೀರು ಮನೆಗಳಿಗೆ ನುಗ್ಗಿತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ. ನಾವು ಅದನ್ನು ನೋಡದೆ ಹೊರಡುವುದಿಲ್ಲ. ನೀವೂ ಮೊಬೈಲಲ್ಲಿ ಒಮ್ಮೆ ನೋಡಿ.

ಸರ್ಫಿಂಗ್ ಬೇಕಾದರೆ ಮೂಲ್ಕಿ, ಸಸಿಹಿತ್ಲು ಕಡೆ ಹೋಗಿ. ಅಲ್ಲಿ ಕಲಿಸುವವರಿದ್ದಾರೆ, ಬೋರ್ಡ್ ಕೊಡುತ್ತಾರೆ, ಯಾವ ದಿನ ಇಳಿಯಬಹುದು ಎಂದು ಅವರಿಗೆ ಗೊತ್ತು. ಡೈವಿಂಗ್ ಆಸೆ ಇದ್ದರೆ ಮುರುಡೇಶ್ವರದಿಂದ ನೇತ್ರಾಣಿ. ನಮ್ಮ ಖಾಲಿ ಬೀಚ್ ಖಾಲಿ ಇರುವುದಕ್ಕೆ ಕಾರಣ ಉಂಟು ತಮ್ಮ. ಜೀವರಕ್ಷಕರು ಹೆಚ್ಚಿನ ಕಡೆ ಇಲ್ಲ. ನೀವು ಕೂಗಿದರೆ ಕೇಳುವವರು ನಾವು ಮಾತ್ರ, ಮತ್ತು ನಾವು ಆ ಹೊತ್ತಿಗೆ ಕಡಲಲ್ಲಿ ಇರುತ್ತೇವೆ.

ಉಪ್ಪಳ ನರ್ಸಕ್ಕ

ದೋಣಿಮನೆಯವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ.

ಯಾರಾದರೂ ಮುಳುಗುವುದು ಕಂಡರೆ ಹಿಂದೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋದದ್ದು ನಮ್ಮ ಕಡೆ ಹೊಸತಲ್ಲ. ತೇಲುವ ವಸ್ತು ಎಸೆಯಿರಿ. ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್ ಆದೀತು, ಹಗ್ಗ ಆದೀತು. ಮೀನುಗಾರರನ್ನು ಕರೆಯಿರಿ. 112ಕ್ಕೆ ಫೋನ್ ಮಾಡಿ. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಶಿರಿಯದಲ್ಲಿ, ಬೇಕಲದಲ್ಲಿ ಕರಾವಳಿ ಪೊಲೀಸ್ ಠಾಣೆ ಉಂಟು.

ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡವೇ ಬೇಡ. ಅದರಿಂದ ಸಮಯ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರು ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಆಮೇಲೆ ಎದೆ ಒತ್ತುವುದು. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಒಳಗೆ ಹೋದ ನೀರು ಗಂಟೆಗಳ ನಂತರ ತೊಂದರೆ ಕೊಡಬಹುದು.

ಜೆಲ್ಲಿ ಮೀನು ತಾಗಿದರೆ ಮರಳು ಹಾಕಿ ಉಜ್ಜಬೇಡಿ. ಕುಡಿಯುವ ನೀರಲ್ಲೂ ತೊಳೆಯಬೇಡಿ. ಕಡಲ ನೀರಲ್ಲೇ ತೊಳೆಯಿರಿ. ತೊರಕೆ ಮೀನು ಮರಳಲ್ಲಿ ಹುದುಗಿರುತ್ತದೆ, ಮೆಟ್ಟಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಬಗ್ಗಡದ ನೀರಲ್ಲಿ ನಡೆಯುವಾಗ ಕಾಲು ಎತ್ತಿಡದೆ ಎಳೆದುಕೊಂಡು ನಡೆದರೆ ಅದು ತಾನಾಗಿ ಸರಿಯುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕಾಲಿಡಿ, ನೋವು ಇಳಿಯುತ್ತದೆ. ಆಮೇಲೆ ಡಾಕ್ಟರ ಹತ್ತಿರ.

ಬೇಕಲ ಟೀಚರ್

ನಾನು ಇಲ್ಲಿ ಕನ್ನಡ ಕಲಿಸುವವಳು. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುವುದು ನನಗೆ ಬಹಳ ಇಷ್ಟದ ಕೆಲಸ. ಕೋಟೆಯ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ.

ಕೆಳದಿಯ ಶಿವಪ್ಪ ನಾಯಕ ಸುಮಾರು 1650ರಲ್ಲಿ ಕಟ್ಟಿಸಿದ್ದು. ಚಂದ್ರಗಿರಿ ಕೋಟೆಯೂ ಕೆಳದಿಯವರದ್ದೇ. 1763ರಲ್ಲಿ ಬೇಕಲ ಹೈದರಾಲಿಯ ಕೈಗೆ ಹೋಯಿತು, 1799ರಲ್ಲಿ ಟಿಪ್ಪು ತೀರಿಕೊಂಡ ಮೇಲೆ ಕಂಪನಿಯವರಿಗೆ. ಸುಮಾರು 40 ಎಕರೆ, ಕೇರಳದಲ್ಲೇ ದೊಡ್ಡ ಕೋಟೆ. ಒಳಗಿನ ವೀಕ್ಷಣಾ ಬುರುಜು ಹತ್ತಿದರೆ ಉದುಮ, ಕೋಟಿಕುಳಂ, ಪಳ್ಳಿಕ್ಕೆರೆ, ಕಾಞಂಗಾಡು ಎಲ್ಲ ಕಾಣುತ್ತದೆ. ಬಾಗಿಲ ಹತ್ತಿರ ಮುಖ್ಯಪ್ರಾಣ ದೇವಸ್ಥಾನ ಉಂಟು.

ಪಶ್ಚಿಮದ ಗೋಡೆಯ ಹತ್ತಿರ ನಿಂತು ಕಲ್ಲನ್ನು ಹತ್ತಿರದಿಂದ ನೋಡಿ. ಮುರಕಲ್ಲು ತೂತು ತೂತು. ಉಪ್ಪುಗಾಳಿ ಹೊಡೆದು ಹೊಡೆದು ಹೊರಮೈ ಕಪ್ಪಾಗಿದೆ. ಒಡೆದಲ್ಲಿ ಮಾತ್ರ ಒಳಗಿನ ಕೆಂಪು, ಹಳದಿ ಕಾಣುತ್ತದೆ. ತೂತಲ್ಲಿ ಬೆರಳಿಟ್ಟರೆ ಒಳಗೆ ತಂಪು. ಮಣ್ಣಲ್ಲಿ ಇರುವಾಗ ಮೆತ್ತಗಿದ್ದು, ಕಡಿದು ತೆಗೆದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮಕ್ಕಳಿಗೆ ಇದನ್ನು ತೋರಿಸಿದರೆ ಇತಿಹಾಸಕ್ಕಿಂತ ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತಾರೆ.

ಕೋಟೆಯ ಕೆಳಗಿನ ಬಂಡೆಗಳಿಗೆ ಮಾತ್ರ ಇಳಿಯಬೇಡಿ. ಪಾಚಿ ಇರುತ್ತದೆ, ಜಾರುತ್ತದೆ. ಸಣ್ಣ ಸಣ್ಣ ಅಲೆಗಳು ಬಂದು ಬಂದು, ಒಂದು ಮಾತ್ರ ದೊಡ್ಡದು ಬರುತ್ತದೆ. ಒಣಗಿದ ಬಂಡೆ ಅಂದರೆ ಅಲೆ ಬರದ ಬಂಡೆ ಅಂತ ತಿಳಿಯಬೇಡಿ.

ಇಲ್ಲಿ ನನಗೊಂದು ನೋವು ಹೇಳಲಿಕ್ಕುಂಟು. ಒಂದು ಕಡಲ ಬದಿಯಲ್ಲಿ ಎಚ್ಚರಿಕೆಯ ಬೋರ್ಡ್ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಸುಳ್ಯ ಕಡೆಯ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಆ ಬೋರ್ಡಿನ ನೆರಳಲ್ಲೇ ನೀರಿಗೆ ಇಳಿಯುತ್ತಿದ್ದರು. ನಾನು ಹೋಗಿ ಹೇಳಿದ ಮೇಲೆ "ನಮಗೆ ಓದಲಿಕ್ಕೆ ಬರುವುದಿಲ್ಲ ಮಗಾ" ಅಂದರು. ಅವರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು. ಕೇರಳದ 1969ರ ಆಡಳಿತ ಭಾಷಾ ಕಾನೂನಿನಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಸರಕಾರದ ಜೊತೆ ವ್ಯವಹರಿಸುವ ಹಕ್ಕು ಉಂಟು. ಮಂಜೇಶ್ವರ, ಕಾಸರಗೋಡು ತಾಲೂಕಿನ ಕಡಲ ಬದಿಗೆ ಬರುವವರಲ್ಲಿ ಕನ್ನಡ, ತುಳು ಮಾತಾಡುವವರೇ ಎಷ್ಟು! ಜೀವಕ್ಕೆ ಸಂಬಂಧಪಟ್ಟ ಎರಡು ಸಾಲು ಕನ್ನಡದಲ್ಲೂ ಇರಲಿ ಎಂದು ನಾವು ಊರಿನವರು ಒಟ್ಟಿಗೆ ಅರ್ಜಿ ಕೊಡಬೇಕು. ನಾನು ಬರೆದು ಕೊಡುತ್ತೇನೆ, ಸಹಿ ಹಾಕುವವರು ಬೇಕು.

ಕುಂಬಳೆ ಕಡಲು

ಟೀಚರ್, ನನ್ನ ಸಹಿ ಮೊದಲನೆಯದ್ದು. ಆರಿಕ್ಕಾಡಿಯಿಂದ ಕೊಯಿಪ್ಪಾಡಿಯವರೆಗಿನ ಮನೆಗಳ ಸಹಿ ನಾನು ಮಾಡಿಸುತ್ತೇನೆ.

ಮೊಗ್ರಾಲ್ ದೋಣಿಮನೆ

ನಮ್ಮ ಕಡಪ್ಪುರದ್ದು ನನಗಿರಲಿ. ಬೋರ್ಡಲ್ಲಿ ಅಳಿವೆಯ ಚಿತ್ರವೂ ಹಾಕಿಸಿ ಟೀಚರ್. ಯಾವ ಭಾಷೆಯೂ ಓದಲು ಬಾರದವರೂ ಬರುತ್ತಾರೆ.

ಬೆಂಗಳೂರು ಬೈಕ್

ದೋಣಿಮನೆ ಅಣ್ಣ, ಪೂರ್ತಿ ಓದಿದೆ, ಗೆಳೆಯರಿಗೂ ಕಳಿಸಿದೆ. ಅಲೆ ಒಡೆಯದ ಜಾಗವೇ ಅಪಾಯ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಕಡಲಿಗೆ ಇಳಿಯುವುದಿಲ್ಲ. ಒಂದು ಪ್ರಶ್ನೆ. ಮರಳ ಮೇಲೆ ಬೈಕ್ ಓಡಿಸಬಹುದಾ? ಕಣ್ಣೂರಿನ ಮುಳಪ್ಪಿಲಂಗಾಡಿನಲ್ಲಿ ಓಡಿಸುತ್ತಾರಲ್ವಾ?

ನೀಲೇಶ್ವರ ತೀರ

ಮುಳಪ್ಪಿಲಂಗಾಡಿನಲ್ಲಿ ಅದಕ್ಕೆಂದೇ ಬಿಟ್ಟ ಗಟ್ಟಿ ಮರಳು ಇದೆ. ಓಡಿಸುವ ಆಸೆ ಇದ್ದರೆ ಅಲ್ಲಿಗೇ ಹೋಗಿ. ನಮ್ಮ ತೈಕಡಪ್ಪುರದ ಕಡೆ ದಯವಿಟ್ಟು ಬೇಡ.

ಇಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಆಲಿವ್ ರಿಡ್ಲೆ ಜಾತಿ. ಮಳೆಗಾಲ ಮುಗಿದ ಮೇಲೆ ರಾತ್ರಿ ಹೊತ್ತು ತಾಯಿ ಆಮೆ ಮೇಲೆ ಹತ್ತಿ, ಹಿಂದಿನ ಕಾಲಿಂದ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಮರಿ ಬರಲು 45ರಿಂದ 60 ದಿನ. ಮರಳಿನ ಬಿಸಿ ಎಷ್ಟು ಅನ್ನುವುದರ ಮೇಲೆ ಮರಿ ಗಂಡೋ ಹೆಣ್ಣೋ ಆಗುತ್ತದೆ. ಹಿಂದೆ ಮೊಟ್ಟೆ ತೆಗೆದು ತಿನ್ನುತ್ತಿದ್ದರು. ಈಗ ಊರಿನ ನೈತಲ್ ಎಂಬ ಸಂಘದವರು ಮೊಟ್ಟೆ ಕಾಪಾಡಿ ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಅದರಲ್ಲಿ ಮೀನುಗಾರರೇ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಇದಕ್ಕೆ ಪೂರ್ತಿ ರಕ್ಷಣೆ ಇದೆ.

ಚಕ್ರ ಹರಿದರೆ ಮರಳು ಒತ್ತಿ ಕೂರುತ್ತದೆ, ಗೂಡು ಹಾಳು. ಹೆಡ್‌ಲೈಟ್ ಬಿದ್ದರೆ ಹತ್ತಲು ಬಂದ ತಾಯಿ ವಾಪಸು ಹೋಗುತ್ತದೆ. ಮರಿಗಳು ಕಡಲಿನ ಬೆಳಕನ್ನು ನೋಡಿ ಓಡುವ ಜೀವಗಳು. ರಸ್ತೆಯ ಬೆಳಕು ಕಂಡರೆ ಆ ಕಡೆ ಹೋಗಿ ಸಾಯುತ್ತವೆ. ಬೈಕ್ ರಸ್ತೆಯಲ್ಲೇ ನಿಲ್ಲಿಸಿ, ನಡೆದುಕೊಂಡು ಬನ್ನಿ. ಮರಿ ಬಿಡುವ ದಿನ ಸಿಕ್ಕಿದರೆ ನಿಮ್ಮ ಅದೃಷ್ಟ.

ಪಡನ್ನ ಹಿನ್ನೀರು

ನಾನು ಮೂಲತಃ ಬದಿಯಡ್ಕದವನು, ಈಗ ಕೆಲಸ ಚೆರುವತ್ತೂರಿನಲ್ಲಿ. ಹಿನ್ನೀರಿನ ಬಗ್ಗೆ ನಾನು ಹೇಳದಿದ್ದರೆ ಹೇಗೆ!

ವಲಿಯಪರಂಬದ ಬದಿಯ ಈ ಕವ್ವಾಯಿ ಹಿನ್ನೀರು ಬಡಗು ಕೇರಳದಲ್ಲಿ ಎಲ್ಲಕ್ಕಿಂತ ದೊಡ್ಡದು. ಸಣ್ಣ ದೊಡ್ಡ ದ್ವೀಪಗಳು. ತೆಂಕಿಗೆ ಎಳಿಮಲೆ ಗುಡ್ಡ ಕಾಣುತ್ತದೆ, ಅಲ್ಲಿ ನೌಕಾಪಡೆಯ ಅಕಾಡೆಮಿ. ಇಡಯಿಲಕ್ಕಾಡಿನಲ್ಲಿ ಹಳೆಯ ನಾಗಬನ ಉಂಟು, ಮಂಗಗಳಿಗೆ ಓಣಂ ಸಮಯದಲ್ಲಿ ಎಲೆ ಹಾಕಿ ಊಟ ಬಡಿಸುತ್ತಾರೆ. ಹೌಸ್‌ಬೋಟ್ ಬೇಕಾದರೆ ನೀಲೇಶ್ವರದ ಹತ್ತಿರ ಕೋಟಪ್ಪುರಂ.

ಆದರೆ ನನ್ನನ್ನು ಕೇಳಿದರೆ ಕಯಾಕ್ ಹಿಡಿಯಿರಿ. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ. ಆಗ ಗಾಳಿ ಇರುವುದಿಲ್ಲ, ನೀರು ಅಲುಗಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಎದ್ದು ನೀರು ಕುಲುಕಲು ಶುರುವಾಗುತ್ತದೆ, ಹೊಸಬರಿಗೆ ಕೈ ಸೋಲುತ್ತದೆ. ಭರತದ ಹೊತ್ತಿಗೆ ಹೋದರೆ ಕಾಂಡ್ಲದ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ತೋಡುಗಳಿಗೂ ನುಗ್ಗಬಹುದು. ಇಳಿತದಲ್ಲಿ ಕೆಸರಲ್ಲಿ ಕೂತುಬಿಡುತ್ತದೆ.

ಅಲ್ಲಲ್ಲಿ ನೀರಲ್ಲಿ ಕಂಬಗಳ ಸಾಲು ಕಾಣುತ್ತದೆ. ಅದು ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಕೃಷಿ. ಮಂಗಳೂರು ಕಡೆಯವರು ಪಚ್ಚಿಲೆ ಅನ್ನುತ್ತಾರೆ. ಇಲ್ಲಿಯ ಹೆಂಗಸರ ಗುಂಪುಗಳು 1990ರ ದಶಕದಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. ನವೆಂಬರ್, ಡಿಸೆಂಬರಿನಲ್ಲಿ ಕೆಲಸ ಶುರು. ಬಂಡೆಯಿಂದ ತಂದ ಸಣ್ಣ ಮರಿ ಕಾಯಿಗಳನ್ನು ಹಗ್ಗದ ಸುತ್ತ ಹರಡಿ, ಮೇಲಿಂದ ತೆಳು ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಹಗ್ಗವನ್ನು ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆತು ಬೀಳುವಷ್ಟರಲ್ಲಿ ಕಾಯಿಗಳು ತಮ್ಮದೇ ನಾರು ಬಿಟ್ಟು ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಏಪ್ರಿಲ್, ಮೇಯಲ್ಲಿ ಕೊಯ್ಲು. ಮಳೆ ಬಂದು ಹಿನ್ನೀರು ಸಿಹಿಯಾದರೆ ಎಲ್ಲ ಸಾಯುತ್ತವೆ, ಅದಕ್ಕೆ ಮೊದಲೇ ತೆಗೆಯಬೇಕು. ಕಯಾಕಿನಲ್ಲಿ ಆ ಸಾಲುಗಳ ನಡುವೆ ನುಗ್ಗಬೇಡಿ. ಹಗ್ಗ ತುಂಡಾದರೆ ಅವರ ವರ್ಷದ ದುಡಿಮೆ ಹೋಗುತ್ತದೆ. ಚಿಪ್ಪಿನ ಅಂಚಿಗೆ ಕೈ ತಾಗಿದರೆ ಸೀಳುತ್ತದೆ.

ಇದೇ ಕಲ್ಲುಮ್ಮಕಾಯಿಗೆ ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಹುರಿದ ಅರಿಕಡುಕ್ಕ ತಿನ್ನದೆ ವಾಪಸು ಹೋಗಬೇಡಿ.

ಕುಂಬಳೆ ಕಡಲು

ಹಿನ್ನೀರು ಅಂದ ಕೂಡಲೇ ಭಯವೇ ಇಲ್ಲ ಅಂತ ಯಾರೂ ತಿಳಿಯಬಾರದು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ಹೋದರು. ಮಕ್ಕಳೇ ಜಾಸ್ತಿ. ಮೀನಿನ ಬೋಟನ್ನು ಬದಲಿಸಿ ಮಾಡಿದ್ದು, ಜನ ತುಂಬಿದ್ದರು, ಕತ್ತಲಾಗಿತ್ತು. ಅದು ಕಡಲಲ್ಲ, ಹೊಳೆಯ ನೀರೇ.

ಹಾಗಾಗಿ ಬೋಟ್ ಹತ್ತುವ ಮೊದಲು ಎಷ್ಟು ಜನಕ್ಕೆ ಅನುಮತಿ ಎಂದು ಬರೆದದ್ದು ನೋಡಿ, ತಲೆ ಎಣಿಸಿ. ಲೈಫ್ ಜಾಕೆಟ್ ಸೀಟಿನಡಿಯಲ್ಲಿ ಕಟ್ಟಿಟ್ಟಿದ್ದರೆ ಪ್ರಯೋಜನ ಇಲ್ಲ, ಮೈಮೇಲೆ ಇರಬೇಕು. ಮುಸ್ಸಂಜೆಯ ನಂತರ ಯಾರು ಎಷ್ಟು ಕರೆದರೂ ಹತ್ತಬೇಡಿ. "ಇನ್ನಿಬ್ಬರು ತಾನೇ, ಅಡ್ಜಸ್ಟ್ ಮಾಡುವ" ಅಂದರೆ ಇಳಿದು ಬನ್ನಿ. ದುಡ್ಡು ಹೋದರೆ ಹೋಗಲಿ.

ಪುತ್ತೂರು ಪಯಣ

ಎಲ್ಲರದ್ದೂ ಓದಿದೆವು, ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಅರ್ಜಿಗೆ ಸಹಿ ಹಾಕುತ್ತಾರಂತೆ, ಗಡಿ ಈಚೆಯವರದ್ದು ಆಗುತ್ತದಾ ಎಂದು ಕೇಳಿದರು. ಮೊದಲ ದಿನ ಬೇಕಲ, ಎರಡನೆಯ ದಿನ ಬೆಳಿಗ್ಗೆ ಹಿನ್ನೀರು ಎಂದು ತೀರ್ಮಾನ ಮಾಡಿದ್ದೇವೆ. ಸಣ್ಣವನನ್ನು ಕಯಾಕಿನಲ್ಲಿ ಕೂರಿಸಬಹುದಾ?

ಬೇಕಲ ಟೀಚರ್

ಅಮ್ಮನ ಸಹಿ ಖಂಡಿತ ಆಗುತ್ತದೆ. ಓದಲಾಗದೆ ಕಷ್ಟ ಆಗುವುದು ಅವರಿಗೇ ಅಲ್ವಾ. ಕೋಟೆಗೆ ಬರುವ ದಿನ ಹೇಳಿ, ನಾನೇ ಕಾಗದ ಹಿಡಿದುಕೊಂಡು ಬರುತ್ತೇನೆ.

ಪಡನ್ನ ಹಿನ್ನೀರು

ಐದು ವರ್ಷದವನಿಗೆ ಕಯಾಕ್ ಬೇಡ. ದೊಡ್ಡ ದೋಣಿಯಲ್ಲಿ ಎಲ್ಲರೂ ಒಟ್ಟಿಗೆ ಹೋಗಿ, ಅಪ್ಪ ಅಮ್ಮನಿಗೂ ಅದೇ ಸುಲಭ. ಕಡಿಮೆ ಖರ್ಚಲ್ಲಿ ಆಗಬೇಕಾದರೆ ಐಟ್ಟಿ ಕಡವಿನಿಂದ ಜಲಸಾರಿಗೆ ಇಲಾಖೆಯ ಬೋಟ್ ಉಂಟು. ಊರಿನವರು ಓಡಾಡುವ ಬೋಟ್, ಸಮಯ ಮೊದಲೇ ಕೇಳಿಕೊಂಡು ಬನ್ನಿ. ನಡುವೆ ಎಲ್ಲಾದರೂ ಇಳಿದು ಬೊಂಡ ಕುಡಿಯಿರಿ.

ಖಾಸಗಿ ದೋಣಿ ಮಾಡುವುದಾದರೆ ಫೋನಲ್ಲೇ ಕೇಳಿ, ಮಗುವಿನ ಅಳತೆಯ ಜಾಕೆಟ್ ಉಂಟಾ ಅಂತ. ದೊಡ್ಡವರದ್ದು ಹಾಕಿದರೆ ನೀರಲ್ಲಿ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಹೆಗಲ ಹತ್ತಿರ ಹಿಡಿದು ಎತ್ತಿ ನೋಡಿ, ಗಲ್ಲ ದಾಟಿ ಮೇಲೆ ಬಂದರೆ ಅದು ದೊಡ್ಡದು. ಅವರ ಹತ್ತಿರ ಇಲ್ಲ ಅಂದರೆ ಹಿಂದಿನ ದಿನ ನನಗೊಂದು ಮೆಸೇಜ್ ಹಾಕಿ. ನನ್ನ ಮಗಳದ್ದು ಉಂಟು, ಚೆರುವತ್ತೂರು ಸ್ಟೇಷನ್‌ಗೇ ತಂದು ಕೊಡುತ್ತೇನೆ.